ಹಸಿವಿನ ಮಾತ್ರೆಯನ್ನು ಟಾನಿಕ್ ಎಂದುಕೊಂಡು ಕೆಟ್ಟೆವು

ಅಪ್ಪನಿಗೆ ಸಿಒಪಿಡಿ ಎಂಬ ವಾಸಿಯಾಗದ ಶ್ವಾಸಕೋಶದ ಕಾಯಿಲೆ, ಬೀಡಿಯ ಬಳುವಳಿ. ಕಳೆದ ವರ್ಷ ತೂಕ 41 ಕಿಲೋಗೆ ಇಳಿದಾಗ ಅಮ್ಮ ಅವರ ಗಡಿಯಾರದ ಪಟ್ಟಿಗೆ ಕಾದ ಮೊಳೆಯಿಂದ ಹೊಸ ತೂತು ಹಾಕಿದ್ದಳು. ಮುದ್ದೆ ಕಂಡರೆ ಅಪ್ಪ ಮುಖ ತಿರುಗಿಸುತ್ತಿದ್ದರು. ವೈದ್ಯರು ಹಸಿವಾಗಲೆಂದು ಒಂದು ತಿಂಗಳಿಗೆ ಮೆಜೆಸ್ಟ್ರಾಲ್ 160 ಮಿಲಿಗ್ರಾಂ ಮಾತ್ರೆ ಬರೆದರು, ದಿನಕ್ಕೆ ಎರಡು.

ಮೂರನೆಯ ವಾರ ಅಪ್ಪ ತಾವಾಗಿಯೇ, "ಇನ್ನೊಂದು ಸೌಟು ಸಾರು ಹಾಕು" ಎಂದರು. ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಅಂಥ ಮಾತ್ರೆಯನ್ನು ಬಿಡಿಸಲು ಯಾರಿಗೆ ಮನಸ್ಸು ಬಂದೀತು? ಹಳೆಯ ಚೀಟಿ ತೋರಿಸಿ ಐದು ತಿಂಗಳು ತರುತ್ತಲೇ ಹೋದೆ. ಔಷಧಿ ಅಂಗಡಿಯವರು ಕೇಳಲಿಲ್ಲ, ನಾನೂ ವೈದ್ಯರಿಗೆ ಹೇಳಲಿಲ್ಲ. ತಪ್ಪು ನನ್ನದೇ.

ಮೆಜೆಸ್ಟ್ರಾಲ್ ಟಾನಿಕ್ ಅಲ್ಲ, ಪ್ರೊಜೆಸ್ಟರಾನ್ ಜಾತಿಯ ಕೃತಕ ಹಾರ್ಮೋನು. ಮೊದಲು ಸ್ತನ ಮತ್ತು ಗರ್ಭಕೋಶದ ಕ್ಯಾನ್ಸರಿಗೆ ಬಳಸುತ್ತಿದ್ದದ್ದು. ಏಡ್ಸ್ ರೋಗಿಗಳ ಹಸಿವಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ. ಇದು ಸ್ಟೀರಾಯ್ಡ್‌ನಂತೆಯೂ ವರ್ತಿಸುತ್ತದೆ. ಸಕ್ಕರೆ ಏರಿಸುತ್ತದೆ, ಗಂಡಸರಲ್ಲಿ ಟೆಸ್ಟೋಸ್ಟಿರಾನ್ ತಗ್ಗಿಸುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿಸಬಹುದು. ವಯಸ್ಸಾದವರಿಗೆ ಕೊಡದಿರುವುದೇ ಲೇಸೆಂದು ಅಮೆರಿಕದ ವೃದ್ಧರೋಗ ತಜ್ಞರ ಬಿಯರ್ಸ್ ಪಟ್ಟಿ ಹೇಳುತ್ತದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅಪ್ಪನ ಮುಖ ದುಂಡಗಾಯಿತು, ಹೊಟ್ಟೆ ಬಂತು, ತೂಕ 50 ದಾಟಿತು. ನೆಂಟರೆಲ್ಲ ಮೆಚ್ಚಿದರು. ಆದರೆ ಎರಡು ಮುದ್ದೆ ಉಣ್ಣುವ ಮನುಷ್ಯ ಜಗಲಿಯ ಮೂರು ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದರು. ಬಂದದ್ದು ಹೆಚ್ಚಾಗಿ ಕೊಬ್ಬು ಮತ್ತು ನೀರು. ತೋಳು, ತೊಡೆ ಹಾಗೆಯೇ ಬತ್ತಿದ್ದವು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದನ್ನು ನಾವು ವಯಸ್ಸಿನ ತಲೆಗೆ ಕಟ್ಟಿದೆವು.

"ಮೈ ಬಂತಲ್ಲ, ಇನ್ನು ಸಾಕು" ಎಂದು ಒಂದು ದಿನ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿಬಿಟ್ಟೆವು. ಆರನೆಯ ದಿನ ವಾಂತಿ. ಎದ್ದು ನಿಂತರೆ ಕಣ್ಣು ಕತ್ತಲೆ. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಎಂದು ಚುಚ್ಚುಮದ್ದು ಕೊಟ್ಟು ಕಳುಹಿಸಿದರು. ಮರುದಿನ ಬೆಳಗ್ಗೆ ಅಪ್ಪ ಬಚ್ಚಲಲ್ಲಿ ಕುಸಿದರು. ದೊಡ್ಡ ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ 80/50.

ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಎಲ್ಲರೂ ಕೇಳಿದರು. ಇತ್ತೀಚೆಗೆ ಯಾವುದನ್ನು ನಿಲ್ಲಿಸಿದಿರಿ ಎಂದು ಕೇಳಿದ್ದು ಒಬ್ಬ ಕಿರಿಯ ವೈದ್ಯೆ ಮಾತ್ರ. ನನ್ನ ತಮ್ಮ ಮನೆಯಿಂದ ಮಾತ್ರೆಯ ಖಾಲಿ ಪಟ್ಟಿಯ ಫೋಟೋ ಕಳುಹಿಸಿದ. ಅದನ್ನು ನೋಡಿದೊಡನೆ ಆ ವೈದ್ಯೆ, ಅಡ್ರಿನಲ್ ಗ್ರಂಥಿ ಸುರಿಸುವ ಕಾರ್ಟಿಸಾಲ್ ಹಾರ್ಮೋನಿನ ಪರೀಕ್ಷೆಗೆ ರಕ್ತ ತೆಗೆದು, ವರದಿಗೆ ಕಾಯದೆ ಅದರ ಬದಲಿಗೆ ಹೈಡ್ರೋಕಾರ್ಟಿಸೋನ್ ಕೊಟ್ಟರು. ಮೂತ್ರಪಿಂಡದ ಮೇಲಿರುವ ಈ ಗ್ರಂಥಿಗೆ ಕೆಲಸ ಹೇಳುವುದನ್ನೇ ಮಿದುಳು ಮಾತ್ರೆಯ ದೆಸೆಯಿಂದ ನಿಲ್ಲಿಸಿತ್ತಂತೆ. ಮಾತ್ರೆ ಹೋಯಿತು, ಗ್ರಂಥಿ ಏಳಲಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಇದನ್ನು ವಾರಗಟ್ಟಲೆ ನುಂಗುತ್ತಿದ್ದರೆ ನೀವಾಗಿಯೇ ಬಿಡಿಸಬೇಡಿ, ಮುಂದುವರಿಸಲೂಬೇಡಿ. ವೈದ್ಯರ ಹತ್ತಿರ ಹೋಗಿ. ಸಕ್ಕರೆ ಪರೀಕ್ಷೆ ಮಾಡಿಸಿ. ಒಂದೇ ಕಾಲು ಊದಿದರೆ, ದಿಢೀರನೆ ಉಸಿರು ಕಟ್ಟಿದರೆ ಆಸ್ಪತ್ರೆಗೆ ಓಡಿ, ಮಾತ್ರೆಯ ಪಟ್ಟಿ ಜೇಬಿನಲ್ಲಿರಲಿ.

ಅಪ್ಪ ಈಗ ಹೈಡ್ರೋಕಾರ್ಟಿಸೋನ್ ಮಾತ್ರೆಯಲ್ಲಿದ್ದಾರೆ, ವೈದ್ಯರು ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ತೂಕ 44. ಅಮ್ಮ ಗಂಜಿಗೆ ಕಡಲೆಕಾಯಿ ಪುಡಿ ಬೆರೆಸಿ ಎರಡೆರಡು ಗಂಟೆಗೊಮ್ಮೆ ಕೊಡುತ್ತಾಳೆ. ಗಡಿಯಾರದ ಪಟ್ಟಿ ಮತ್ತೆ ಆ ಮೊಳೆಯ ತೂತಿಗೇ ಬಂದಿದೆ.