ಚರೆ ತೋಟಾದ ವೇಗ ಅಳೆಯಲು ಯಾವುದು ವಾಸಿ: ಬೆಳಕಿನ ಕಣ್ಣೋ, ರೇಡಾರೋ, ಬರೀ ಸದ್ದೋ?

ತೋಟಾ ಡಬ್ಬಿಯ ಮೇಲೆ ಸೆಕೆಂಡಿಗೆ 1200 ಅಡಿ ಎಂದು ಅಚ್ಚಾಗಿರುತ್ತದೆ. ಅದನ್ನೇ ನಮ್ಮ ಕೋವಿಗೆ ತುಂಬಿ, ವೇಗ ಅಳೆಯುವ ಯಂತ್ರವಾದ ಕ್ರೋನೋಗ್ರಾಫ್ ಮೇಲೆ ಈಡು ಹೊಡೆದರೆ 1150ರ ಆಸುಪಾಸು ತೋರಿಸುತ್ತದೆ. ಪಕ್ಕದಲ್ಲಿ ಇನ್ನೊಂದು ಜಾತಿಯ ಯಂತ್ರ ಇಟ್ಟರೆ ಅದರ ಲೆಕ್ಕವೇ ಬೇರೆ. ಕಂಪನಿಯವರು ಮೋಸ ಮಾಡಿದರೋ, ಯಂತ್ರ ಕೆಟ್ಟಿದೆಯೋ ಎಂದು ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ. ಬಹುಪಾಲು ಎರಡೂ ಅಲ್ಲ. ರೈಫಲ್‌ನಿಂದ ಹೊರಡುವುದು ಒಂದೇ ಗುಂಡು, ಅದಕ್ಕೆ ಒಂದೇ ವೇಗ. ಶಾಟ್‌ಗನ್ನಿನಿಂದ ಹೊರಡುವುದು ಒಂದು ಹಿಂಡು. 24 ಗ್ರಾಂ ತೋಟಾದಲ್ಲಿ 2.4 ಮಿ.ಮೀ. ಸೀಸದ ಚರೆ ಇದ್ದರೆ ಸುಮಾರು 300 ಕಾಳು, ಅವನ್ನು ಹೊತ್ತ ಪ್ಲಾಸ್ಟಿಕ್ ಬಟ್ಟಲು, ಅಂದರೆ ವಾಡ್, ಬೆನ್ನಿಗೆ ಬಿಸಿ ಅನಿಲ, ಉರಿಯದೆ ಉಳಿದ ಮದ್ದಿನ ಚೂರು. ಇದರಲ್ಲಿ ಯಾರ ವೇಗ, ಮೂತಿಯಿಂದ (ನಳಿಗೆಯ ಬಾಯಿಂದ) ಎಷ್ಟು ದೂರದಲ್ಲಿ ಅನ್ನುವುದಕ್ಕೆ ಒಂದೊಂದು ಯಂತ್ರ ಒಂದೊಂದು ಉತ್ತರ ಕೊಡುತ್ತದೆ.

ನಾನು ಒಂದೇ ಕೋವಿಯಲ್ಲಿ, ಒಂದೇ ಪೆಟ್ಟಿಗೆಯ ತೋಟಾಗಳನ್ನು ಹಂಚಿಕೊಂಡು ಮೂರು ದಾರಿ ನೋಡಿದ್ದೇನೆ: ಬೆಳಕಿನ ಪರದೆಯ ಕ್ರೋನೋಗ್ರಾಫ್, ಡಾಪ್ಲರ್ ರೇಡಾರ್, ಮತ್ತು ಫೋನಿನಲ್ಲಿ ಸದ್ದು ಮುದ್ರಿಸಿ ಲೆಕ್ಕ ಹಾಕುವುದು. ನಳಿಗೆಯ ತುದಿಗೆ ಕಟ್ಟಿ ವೇಗ ಅಳೆಯುವ ಕಾಂತೀಯ ಪಟ್ಟಿಯ ತಂಟೆಗೆ ಹೋಗಲಿಲ್ಲ. ರೈಫಲ್ ಗುಂಡು ಅದಕ್ಕೆ ತಾಗದೆ ನೇರವಾಗಿ ಮೇಲಿಂದ ಹಾದು ಹೋಗುತ್ತದೆ. ಬಾಯಿ ದಾಟಿದ ಕೂಡಲೇ ಎಸಳು ಬಿಚ್ಚಿಕೊಳ್ಳುವ ವಾಡಿನ ದಾರಿಗೆ ಅಷ್ಟು ಹತ್ತಿರ ಏನನ್ನೂ ಇಡುವ ಧೈರ್ಯ ನನಗಿಲ್ಲ.

ಯಂತ್ರಕ್ಕಿಂತ ಮೊದಲು ದೂರದ ಮಾತು. ಅಮೆರಿಕದ ಕೋವಿ-ತೋಟಾ ತಯಾರಕರ ಸಂಘವಾದ ಸಾಮಿಯ ಮಾನದಂಡದಲ್ಲಿ ಚರೆಯ ವೇಗ ಅಳೆಯುವುದು ಮೂತಿಯಿಂದ 3 ಅಡಿ ದೂರದಲ್ಲಿ, ಅದೂ 12 ಬೋರಿಗೆ (ಬೋರು ಅಂದರೆ ನಳಿಗೆಯ ಒಳಅಗಲದ ಅಳತೆ) 30 ಇಂಚಿನ ಪರೀಕ್ಷಾ ನಳಿಗೆಯಲ್ಲಿ. ಯುರೋಪಿನಲ್ಲಿ ಕೋವಿ-ತೋಟಾ ಪರೀಕ್ಷೆಯ ನಿಯಮ ಮಾಡುವ ಸಿ.ಐ.ಪಿ. ಸಂಸ್ಥೆ ಉಕ್ಕಿನ ಚರೆಗೆ ಹಾಕಿರುವ ಮಿತಿ 2.5 ಮೀಟರ್ ದೂರದ ವೇಗಕ್ಕೆ. ಸೆಕೆಂಡಿಗೆ 366 ಮೀಟರ್, ಅಂದರೆ ಆ 1200 ಅಡಿಯಲ್ಲಿ ಹೊರಟ ಸಣ್ಣ ಸೀಸದ ಚರೆ ಬಿಡಿಯಾದ ಮೇಲೆ ಮೊದಮೊದಲು ಪ್ರತಿ ಮೀಟರಿಗೆ ಹತ್ತಿರ ಹತ್ತಿರ 10 ಮೀಟರ್ ವೇಗ ಕಳೆದುಕೊಳ್ಳುತ್ತದೆ. ಅಂದರೆ ಈ ಎರಡು ದೂರಗಳ ನಡುವೆಯೇ ಸೆಕೆಂಡಿಗೆ 50 ಅಡಿ ಮಾಯ. ನಮ್ಮ ನಳಿಗೆ 26 ಇಂಚಿನದ್ದಾದರೆ ಇನ್ನಷ್ಟು ಕಡಿತ. ಡಬ್ಬಿಯ ಅಂಕಿಯ ಜೊತೆ ಜಗಳಕ್ಕೆ ನಿಲ್ಲುವವರು ಮೊದಲು ಟೇಪು ಹಿಡಿಯಬೇಕು. (ಕೆಲವು ಡಬ್ಬಿಗಳ ಮೇಲೆ ಇವತ್ತಿಗೂ ‘3 ಡ್ರಾಮ್’ ಎಂದಿರುತ್ತದೆ. ಡ್ರಾಮ್ ಹಳೆಯ ತೂಕದ ಅಳತೆ. ಒಳಗಿನ ಮದ್ದಿನ ತೂಕ ಅದಲ್ಲ. ಕರಿಮದ್ದಿನ ಕಾಲದಲ್ಲಿ ಅಷ್ಟು ಡ್ರಾಮ್ ಹಾಕಿದರೆ ಸಿಗುತ್ತಿದ್ದ ವೇಗಕ್ಕೆ ಸಮ ಎಂದಷ್ಟೇ ಅರ್ಥ. 1⅛ ಔನ್ಸ್ ಚರೆಗೆ 3 ಡ್ರಾಮ್ ಅಂದರೆ 1200 ಅಡಿ.)

ಬೆಳಕಿನ ಪರದೆ

ಇದರ ಕೆಲಸ ಸರಳ. ಒಂದು ಕಂಬಿಯ ಮೇಲೆ ಎರಡು ಕಣ್ಣು. ಮೊದಲನೆಯದರ ಮೇಲೆ ನೆರಳು ಬಿದ್ದಾಗ ಗಡಿಯಾರ ಶುರು, ಎರಡನೆಯದರ ಮೇಲೆ ಬಿದ್ದಾಗ ನಿಲುಗಡೆ. ಕಣ್ಣುಗಳ ನಡುವೆ 60 ಸೆಂ.ಮೀ. ಇದ್ದರೆ ನಮ್ಮ ಚರೆ ಅದನ್ನು ದಾಟುವುದು 1.64 ಮಿಲಿಸೆಕೆಂಡಿನಲ್ಲಿ. ಗಡಿಯಾರಕ್ಕೆ ಇದೇನೂ ಕಷ್ಟವಲ್ಲ. ಕಷ್ಟ ಇರುವುದು ನೆರಳು ಯಾರದ್ದು ಅನ್ನುವುದರಲ್ಲಿ. ಶುರು ಮಾಡಿಸಿದ್ದು ಹಿಂಡಿನ ಮುಂದಿನ ಕಾಳು, ನಿಲ್ಲಿಸಿದ್ದು ಒಂದು ಸೆಂಟಿಮೀಟರ್ ಹಿಂದಿದ್ದ ಕಾಳು ಎಂದಾದರೆ ಸೆಕೆಂಡಿಗೆ 6 ಮೀಟರ್ ತಪ್ಪು ಅಲ್ಲೇ ಆಯಿತು. ಅದಕ್ಕೇ ಕಣ್ಣುಗಳ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು. ಒಂದಡಿ ಅಂತರದ ಮಡಚುವ ಪೆಟ್ಟಿಗೆಗಳು ಚರೆಗೆ ನನ್ನ ಮಟ್ಟಿಗೆ ಲಾಯಕ್ಕಿಲ್ಲ. ಓಲರ್ 35ಪಿ ತರಹದ ಮೂರು ಪರದೆಯ ವ್ಯವಸ್ಥೆಯಲ್ಲಿ ಒಂದೇ ಈಡಿಗೆ ಎರಡು ಅಳತೆ ಬರುತ್ತದೆ. ಎರಡೂ ತಾಳೆಯಾಗದಿದ್ದರೆ ಆ ಈಡನ್ನು ನಂಬಬೇಡ ಎಂದು ಅದೇ ಹೇಳುತ್ತದೆ. ಚರೆ ವಿಷಯದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕಣ್ಣನ್ನು ಮೂತಿಯ ಪಕ್ಕಕ್ಕೇ ಇಟ್ಟರೆ ಬಾಯಿಂದ ನುಗ್ಗುವ ಅನಿಲವೇ ಮೊದಲ ನೆರಳು ಹಾಕಿ ಹುಚ್ಚು ಅಂಕಿ ಕೊಡುತ್ತದೆ. ತೀರಾ ದೂರ ಇಟ್ಟರೆ ಹಿಂಡು ಅಗಲವಾಗಿ ಹರಡಿ, ಯಂತ್ರಕ್ಕೇ ಚರೆ ಬಡಿಯುತ್ತದೆ. ಮೊದಲ ಕಣ್ಣು ಒಂದು ಮೀಟರಿನ ಹತ್ತಿರ ಇದ್ದಾಗ ನನಗೆ ನೆಟ್ಟಗೆ ನಡೆದಿದೆ. ಕಣ್ಣಿನ ಪೆಟ್ಟಿಗೆಯ ಮುಂದೆ ಓರೆಯಾಗಿ ಒಂದು ದಪ್ಪ ಪ್ಲೈವುಡ್ ಹಲಗೆ, ಅದರ ಮೇಲೆ ತಗಡು. ನನ್ನ ತಗಡಿನ ಮೇಲಂಚಿನಲ್ಲಿ ವಾಡಿನ ಎಸಳು ಗೀರಿದ ಬಿಳಿ ಗೆರೆಗಳಿವೆ, ಒಂದು ಕಡೆ ಬುಡ ಬಡಿದು ನಾಣ್ಯದಷ್ಟಗಲ ತಗ್ಗಾಗಿದೆ. ಹಲಗೆ ಇಲ್ಲದಿದ್ದರೆ ಆ ತಗ್ಗು ಯಂತ್ರದ ಮುಖದ ಮೇಲಿರುತ್ತಿತ್ತು.

ಇನ್ನು ಬೆಳಕು. ತೆಳು ಮೋಡ ಮುಸುಕಿದ ದಿನ ಇದಕ್ಕೆ ಹಬ್ಬ. ನೆತ್ತಿಯ ಬಿಸಿಲಿಗೆ ಬಿಳಿ ಹೊದಿಕೆ ಕಟ್ಟಲೇಬೇಕು. ಸಂಜೆಯ ಓರೆ ಬಿಸಿಲಿನಲ್ಲಿ ಹೊಸ ಚರೆಯ ಹೊಳಪಿಗೇ ಕಣ್ಣು ಮೋಸ ಹೋಗುತ್ತದೆ. ಒಳಾಂಗಣದಲ್ಲಿ ಹಳೆಯ ಟ್ಯೂಬ್‌ಲೈಟ್ ಇದ್ದರೆ ಅದರ ಮಿಣುಕೇ ಸಾಕು, ಯಾರೂ ಈಡು ಹೊಡೆಯದೆಯೂ ಅಂಕಿ ಬರುತ್ತದೆ. ಇನ್‌ಫ್ರಾರೆಡ್ ದೀಪದ ಪರದೆ ಹಾಕಿಕೊಂಡರೆ ಈ ರಗಳೆಯೆಲ್ಲ ತಪ್ಪುತ್ತದೆ, ಹೊರುವ ಸಾಮಾನು ಮಾತ್ರ ಹೆಚ್ಚುತ್ತದೆ.

ರೇಡಾರ್

ಜೋಡಿಸುವ ಸುಖದಲ್ಲಿ ರೇಡಾರಿಗೆ ಎದುರಿಲ್ಲ. ಕೋವಿಯ ಪಕ್ಕದಲ್ಲಿ ಮುಕ್ಕಾಲಿ ಇಟ್ಟು ಗುರಿಯ ಕಡೆ ತಿರುಗಿಸಿದರೆ ಮುಗಿಯಿತು. ಗುಂಡಿನ ದಾರಿಯಲ್ಲಿ ಏನೂ ಇರುವುದಿಲ್ಲ, ಬಿಸಿಲು ನೆರಳಿನ ಹಂಗಿಲ್ಲ. 2023ರಲ್ಲಿ ಬಂದ ಗಾರ್ಮಿನ್ ಝೀರೋ ಸಿ1 ಪ್ರೋ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ರೇಡಾರ್ ಅಂದರೆ ಕಿತ್ತಳೆ ಬಣ್ಣದ ದೊಡ್ಡ ಪೆಟ್ಟಿಗೆ ಎಂದಿದ್ದ ಕಾಲ ಅಲ್ಲಿಗೆ ಹೋಯಿತು.

ಒಳಗೆ ನಡೆಯುವುದು ಇಷ್ಟು: ಓಡುವ ವಸ್ತುವಿಗೆ ತಾಗಿ ಹಿಂದಿರುಗುವ ಅಲೆಯ ಕಂಪನ ಅದರ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. 24 ಗಿಗಾಹರ್ಟ್ಸ್ ರೇಡಾರಿನಲ್ಲಿ ಸೆಕೆಂಡಿಗೆ 366 ಮೀಟರ್ ವೇಗಕ್ಕೆ ಆ ವ್ಯತ್ಯಾಸ ಸುಮಾರು 59 ಕಿಲೋಹರ್ಟ್ಸ್. ಒಂಟಿ ಗುಂಡಿಗೆ ಇದು ಸೂಜಿಮೊನೆಯಂತಹ ಒಂದೇ ಗೆರೆಯಾಗಿ ಕಾಣುತ್ತದೆ. ಚರೆ ಹಿಂಡಿನಲ್ಲಿ ಮುಂದಿನ ಕಾಳು ಜೋರು, ಅಂಚಿನಲ್ಲಿ ನಜ್ಜುಗುಜ್ಜಾದ ಕಾಳು ನಿಧಾನ. ಗೆರೆ ಹೋಗಿ ಪಟ್ಟಿಯಾಗುತ್ತದೆ. ಆ ಪಟ್ಟಿಯಲ್ಲಿ ಯಾವುದನ್ನು ಹಿಡಿಯಬೇಕು ಎಂದು ತೀರ್ಮಾನಿಸುವುದು ಒಳಗಿನ ತಂತ್ರಾಂಶ. ಅದು ಹೇಗೆ ಆರಿಸುತ್ತದೆಂದು ತೆರೆಯ ಮೇಲೆ ಬರುವ ಒಂದು ಅಂಕಿಯಿಂದ ತಿಳಿಯುವುದಿಲ್ಲ. ಮೇಲಾಗಿ, ಸಾಕಷ್ಟು ರೇಡಾರುಗಳು ಮುಂದೆ ಕಂಡ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿ ಮೂತಿಯ ವೇಗ ಹೇಳುತ್ತವೆ. ಬೆಳಕಿನ ಪರದೆ ಒಂದು ಮೀಟರಿನ ಆಚೆ ನಿಜವಾಗಿ ಕಂಡದ್ದನ್ನು ಹೇಳುತ್ತದೆ. ನನ್ನ ಪರೀಕ್ಷೆಯಲ್ಲಿ ರೇಡಾರಿನ ಅಂಕಿ ಹೆಚ್ಚುಕಡಿಮೆ ಯಾವಾಗಲೂ ಮೇಲಿತ್ತು. ಅದು ಹಾಗೆಯೇ ಇರಬೇಕು.

ಕಿರಿಕಿರಿ ಬಂದದ್ದು ವಾಡಿನಿಂದ. ಹಗುರವಾದ ವಾಡ್ ಕೆಲವೇ ಮೀಟರುಗಳಲ್ಲಿ ಗಾಳಿಗೆ ಸಿಕ್ಕಿ ಸೊರಗುತ್ತದೆ. ರೇಡಾರ್ ಒಮ್ಮೊಮ್ಮೆ ಅದರ ಬೆನ್ನು ಹತ್ತಿದೆ ಎಂದೇ ನನ್ನ ಅನುಮಾನ. ಹತ್ತರ ಸಾಲಿನಲ್ಲಿ ಒಂದು ಅಂಕಿ ಇದ್ದಕ್ಕಿದ್ದಂತೆ ಪಾತಾಳಕ್ಕೆ ಇಳಿದಿರುತ್ತದೆ. ಅಂಥದ್ದನ್ನು ಹೊಡೆದು ಹಾಕಬಹುದು, ಆದರೆ ಹೊಡೆದು ಹಾಕಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ನಮಗೆ ಬೇಡದ ಅಂಕಿಯೆಲ್ಲ ವಾಡಿನ ತಪ್ಪೇ ಆಗಿಬಿಡುತ್ತದೆ.

ಸದ್ದು

ಮೂರನೆಯದು ಬಡವರ ದಾರಿ ಎಂದು ಶುರು ಮಾಡಿದ್ದು, ಈಗ ನನಗೆ ಬಲು ಇಷ್ಟ. 18 ಮೀಟರ್ ದೂರದಲ್ಲಿ ಪ್ಲೈವುಡ್ ಗುರಿ. (ಗಟ್ಟಿ ಲೋಹದ ಹಲಗೆ ಬೇಡ, ಚರೆ ಪುಟಿದು ವಾಪಸು ಬರುತ್ತದೆ. ಉಕ್ಕಿನ ಚರೆಯಂತೂ ಇನ್ನೂ ಅಪಾಯ.) ಫೋನನ್ನು ಮೂತಿಗೂ ಗುರಿಗೂ ಸಮದೂರದಲ್ಲಿ, ದಾರಿಯಿಂದ ಸಾಕಷ್ಟು ಪಕ್ಕಕ್ಕೆ ಸರಿಸಿ ಇಟ್ಟು, ಎಲ್ಲರೂ ಹಿಂದೆ ಬಂದ ಮೇಲೆ ಈಡು. ಸಮದೂರದಲ್ಲೇ ಗುಟ್ಟಿರುವುದು: ಎರಡೂ ಸದ್ದು ಫೋನಿಗೆ ಬರಲು ತಗಲುವ ಸಮಯ ಒಂದೇ ಆದ್ದರಿಂದ ಅದು ತಾನಾಗಿ ವಜಾ ಆಗುತ್ತದೆ. ಗಾಳಿಯ ಉಷ್ಣಾಂಶ, ಶಬ್ದದ ವೇಗ ಯಾವುದೂ ಬೇಕಿಲ್ಲ. ಧ್ವನಿ ತಿದ್ದುವ ಆ್ಯಪ್‌ನಲ್ಲಿ ಕಾಣುವ ಸದ್ದಿನ ಅಲೆಯ ಚಿತ್ರದಲ್ಲಿ ಢಂ ಎಂಬ ಗೋಡೆಯ ಬುಡದಿಂದ ಚಟ್ ಎಂಬ ಮುಳ್ಳಿನ ಬುಡದವರೆಗೆ ಅಳೆದರೆ ಅದೇ ಚರೆಯ ಪ್ರಯಾಣದ ಸಮಯ. 48 ಕಿಲೋಹರ್ಟ್ಸ್ ಮುದ್ರಣದಲ್ಲಿ ಒಂದು ಚುಕ್ಕಿ ಅಂದರೆ 0.02 ಮಿಲಿಸೆಕೆಂಡು. ಮುಳ್ಳು ಎಲ್ಲಿ ಎದ್ದಿತು ಎಂದು ಗುರುತಿಸುವುದರಲ್ಲಿ ಒಂದು ಮಿಲಿಸೆಕೆಂಡು ತಪ್ಪಿದರೂ ಉತ್ತರ ಶೇ. 2ಕ್ಕಿಂತ ಹೆಚ್ಚು ಕೆಡುವುದಿಲ್ಲ.

ಬರುವ ಉತ್ತರ ನೋಡಿ ಮೊದಲ ಸಲ ಯಾರಿಗಾದರೂ ಗಾಬರಿಯೇ: 60 ಮಿಲಿಸೆಕೆಂಡಿನ ಹತ್ತಿರ, ಅಂದರೆ ಸರಾಸರಿ ಸೆಕೆಂಡಿಗೆ ಸುಮಾರು 300 ಮೀಟರ್. ಶಬ್ದಕ್ಕಿಂತ ನಿಧಾನ. ಗುರಿಯ ಬಳಿ ಕಿವಿ ಇಟ್ಟರೆ ಮೊದಲು ಬರುವುದು ಢಂ, ಆಮೇಲೆ ಚರೆ. 366ರಲ್ಲಿ ಹೊರಟದ್ದು ಕೆಲವೇ ಮೀಟರುಗಳಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಮೂತಿಯ ಹತ್ತಿರ ಇಟ್ಟ ಬೆಳಕಿನ ಪರದೆ ಇದನ್ನು ತೋರಿಸಲಾರದು. ಅದೇ ಗಾತ್ರದ ಉಕ್ಕಿನ ಚರೆ ಸೀಸಕ್ಕಿಂತ ಹಗುರ, ಹಾಗಾಗಿ ಸುಮಾರು 1.4 ಪಟ್ಟು ಬೇಗ ವೇಗ ಕಳೆದುಕೊಳ್ಳುತ್ತದೆ. ಒಂದು ಮೀಟರಿನಲ್ಲಿ ಸರಿಸಮ ಅನ್ನಿಸಿದ ಎರಡು ತೋಟಾಗಳ ಬಣ್ಣ ಬಯಲಾಗುವುದು ಈ ಪ್ಲೈವುಡ್ಡಿನ ಹತ್ತಿರ.

ಫೋನುಗಳು ಜೋರು ಸದ್ದಿಗೆ ತಾವಾಗಿಯೇ ಧ್ವನಿ ತಗ್ಗಿಸಿಬಿಡುತ್ತವೆ, ಆಗ ಚಟ್ ಮುಳುಗಿಹೋಗುತ್ತದೆ. ಆ ಸ್ವಯಂಚಾಲಿತ ಹೊಂದಾಣಿಕೆ ಬಂದ್ ಮಾಡುವ ಆ್ಯಪ್ ಬೇಕು. ಪಕ್ಕದ ಸಾಲಿನಲ್ಲಿ ಬೇರೆಯವರು ಹೊಡೆಯುತ್ತಿದ್ದರೆ ಈ ಆಟ ನಡೆಯುವುದೇ ಇಲ್ಲ.

1742ರ ಹೊತ್ತಿಗೇ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ದೂರ ತೂಗಾಡಿತು ಎಂಬುದರಿಂದ ವೇಗ ಲೆಕ್ಕ ಹಾಕಿದ್ದ. ಒಂದು ಗುಂಡೋ ಮುನ್ನೂರು ಕಾಳೋ, ದಿಮ್ಮಿಗೆ ಭೇದವಿಲ್ಲ. ಎಲ್ಲರ ಆವೇಗವನ್ನೂ ಕೂಡಿಸಿಕೊಳ್ಳುತ್ತದೆ. ಚರೆಯ ಮಟ್ಟಿಗೆ ಆ ಹಳೆಯ ಉಪಾಯ ಇವತ್ತಿನ ಎರಡಕ್ಕಿಂತ ನ್ಯಾಯವಾದದ್ದು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ದಿಮ್ಮಿ ಹೊತ್ತು ತಿರುಗುವವರು ಯಾರು ಅನ್ನುವುದು ಬೇರೆ ಮಾತು.

ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ: ಬರೀ ಚರೆ ತೋಟಾ ಹೋಲಿಸುವವರಿಗೆ ಎರಡಡಿ ಅಂತರದ ಅಥವಾ ಮೂರು ಪರದೆಯ ಬೆಳಕಿನ ಕ್ರೋನೋಗ್ರಾಫ್, ಜೊತೆಗೆ ಒಂದು ಹಲಗೆ. ಸ್ಲಗ್ಗು (ಶಾಟ್‌ಗನ್ನಿನ ಒಂಟಿ ಗುಂಡು), ರೈಫಲ್ಲು ಕೂಡ ಇರುವವರಿಗೆ ರೇಡಾರ್. ಒಂಟಿ ಗುಂಡಿನಲ್ಲಿ ಅದರ ಮುಂದೆ ಪರದೆ ನಿಲ್ಲುವುದಿಲ್ಲ. ಸದ್ದಿನ ದಾರಿಗೆ ಖರ್ಚಿಲ್ಲ, ಯಾವುದನ್ನು ಕೊಂಡರೂ ಅದನ್ನು ಜೊತೆಗಿಟ್ಟುಕೊಳ್ಳಿ. ಒಂದರ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕ ಬರೆಯಬೇಡಿ. ಪ್ರತಿ ಸಾಲಿನ ಮೇಲೂ ಯಂತ್ರ, ಮೂತಿಯಿಂದ ದೂರ, ನಳಿಗೆಯ ಉದ್ದ, ಚೋಕ್ (ನಳಿಗೆಯ ತುದಿಯ ಬಿಗಿತ), ಆ ಹೊತ್ತಿನ ಉಷ್ಣಾಂಶ ಇರಲಿ. ಈಡುಗಳು ಹತ್ತಕ್ಕೆ ಕಡಿಮೆಯಾಗದಿರಲಿ. ಈಡಿಂದ ಈಡಿಗೆ ಮಾನಕ ವಿಚಲನೆ (ಸರಾಸರಿಯ ಸುತ್ತ ಅಂಕಿಗಳು ಚದುರುವ ಪ್ರಮಾಣ) ಸೆಕೆಂಡಿಗೆ 5 ಮೀಟರ್ ಇದ್ದರೆ, ಹತ್ತು ಈಡಿನ ಸರಾಸರಿಯಲ್ಲಿ ಉಳಿಯುವ ಅನಿಶ್ಚಿತತೆ 1.6 ಮೀಟರ್, ಮೂರೇ ಈಡಾದರೆ 2.9. ಎರಡು ತೋಟಾಗಳ ನಡುವೆ ಇರುವ ವ್ಯತ್ಯಾಸವೇ ಕೆಲವು ಸಲ ಅಷ್ಟು.