ಹಳೆಯ ಕಿಂಗ್ ಏರ್: ಓವರ್‌ಹಾಲ್, ಹೊಸ ಎಂಜಿನ್, ಇಲ್ಲಾ ಬಿ200?

ಹುಬ್ಬಳ್ಳಿಯಲ್ಲಿ ಸಿ90 (ಎರಡು ಎಂಜಿನ್‌ನ ಚಿಕ್ಕ ಕಿಂಗ್ ಏರ್ ವಿಮಾನ) ಇಟ್ಟುಕೊಂಡಿರುವ ಗೆಳೆಯರೇ, ಎಂಜಿನ್‌ಗಳನ್ನು ಓವರ್‌ಹಾಲ್ (ಪೂರ್ತಿ ಬಿಚ್ಚಿ ದುರಸ್ತಿ) ಮಾಡಿಸಲೇ, ಹೊಸದು ಹಾಕಿಸಲೇ, ಇಲ್ಲಾ ದೊಡ್ಡ ಕಿಂಗ್ ಏರ್ ಆದ ಬಿ200 ಕೊಳ್ಳಲೇ ಅಂತ ಕೇಳಿದ್ದೀರಿ. ನಿಮ್ಮ ಎರಡೂ ಪಿಟಿ6ಎ-21 ಎಂಜಿನ್‌ಗಳು ಓವರ್‌ಹಾಲ್ ಆಗಬೇಕಾದ 3,600 ತಾಸಿನ ಗಡಿಗೆ ಬಂದಿವೆ. ಹಾಗಾಗಿ ಕೇಳಿದ್ದು ಸರಿಯಾದ ಹೊತ್ತಿಗೇ.

ಖರ್ಚು ಮೊದಲು. ಓವರ್‌ಹಾಲ್ ಸಾಮಾನ್ಯವಾಗಿ ಅಗ್ಗ. ಆದರೆ ಹೇಗೂ ಓವರ್‌ಹಾಲ್‌ಗೆ ದುಡ್ಡು ಹಾಕಲೇಬೇಕು ಅಂದಾಗ, ಹೆಚ್ಚು ಬಲದ ಹೊಸ ಪಿಟಿ6ಎ-135ಎ ಎಂಜಿನ್‌ಗೆ ಮೇಲೆ ಕೊಡಬೇಕಾದ ವ್ಯತ್ಯಾಸವನ್ನಷ್ಟೇ ಲೆಕ್ಕ ಹಾಕಿ. ಎಂಜಿನ್‌ನಲ್ಲಿ ಇನ್ನೂ ಸಾವಿರ ತಾಸು ಉಳಿದಿದ್ದರೆ ನಾನು ಬದಲಿಸುತ್ತಿರಲಿಲ್ಲ.

ವೇಗದ ಆಸೆಗೆ ಮಾತ್ರ ಬೀಳಬೇಡಿ. ಬೆಂಗಳೂರಿಗೆ ಹೋಗಿಬರುವುದೇ ಜಾಸ್ತಿ ಅಂದರೆ ಉಳಿಯುವುದು ಕೆಲವೇ ನಿಮಿಷ. ಹೊಸ ಎಂಜಿನ್‌ನ ನಿಜವಾದ ಲಾಭ ಬೇರೆ: ಏಪ್ರಿಲ್ ಬಿಸಿಲಲ್ಲೂ, ಎತ್ತರದಲ್ಲೂ ಬಲ ಬೇಗ ಕುಗ್ಗುವುದಿಲ್ಲ. ಏರಿಕೆ ಚುರುಕು. ದೆಹಲಿಯಂಥ ದೂರಕ್ಕೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಆರೇಳು ಜನ ಸಾಮಾನಿನ ಸಮೇತ ಪದೇ ಪದೇ ದೂರ ಹೋಗುವವರಿಗೆ ಬಿ200 ಒಳ್ಳೆಯದು. 850 ಅಶ್ವಶಕ್ತಿಯ ಎರಡು ಎಂಜಿನ್, ಆದರೆ ಇಂಧನವೂ ಜಾಸ್ತಿ.

ಯಾವುದನ್ನೇ ಆರಿಸಿ, ಮೊದಲು ರೆಕ್ಕೆ ಬೋಲ್ಟ್‌ಗಳನ್ನೂ ತುಕ್ಕನ್ನೂ ನೋಡಿಸಿ. ಬಾಡಿ ದಣಿದಿದ್ದರೆ ಹೊಸ ಎಂಜಿನ್ ಸುಮ್ನೆ ದಂಡ, ಅಲ್ವಾ? ಎಂಜಿನ್ ಬದಲಾವಣೆಗೆ ಡಿಜಿಸಿಎ (ನಾಗರಿಕ ವಿಮಾನಯಾನದ ಸರ್ಕಾರಿ ನಿಯಂತ್ರಕ) ಒಪ್ಪಿಗೆಯ ಕಾಗದಪತ್ರವನ್ನೂ ಮುಂಗಡ ಕೊಡುವ ಮೊದಲೇ ವಿಚಾರಿಸಿ.