ನಾಲ್ಕು ವರ್ಷ ಬಳಸಿದ ಸ್ವಯಂಚಾಲಿತ ವಿಕರ್ಸ್ ಯಂತ್ರ: ಕೈ ಪಳಗಿದೆ, ಕಣ್ಣು ಇನ್ನೂ ಪಳಗಿಲ್ಲ

ನಮ್ಮ ಪ್ರಯೋಗಾಲಯದಲ್ಲಿ ಈ ಸ್ವಯಂಚಾಲಿತ ಮೈಕ್ರೋ ಗಡಸುತನ ಯಂತ್ರ ನಾಲ್ಕು ವರ್ಷಗಳಿಂದ ದಿನವೂ ದುಡಿಯುತ್ತಿದೆ. ವಜ್ರದ ಮೊನೆಯನ್ನು ಲೋಹದ ಮೇಲೆ ಒತ್ತಿ, ಮೂಡಿದ ಚೌಕಾಕಾರದ ಅಚ್ಚಿನ ಎರಡು ಕರ್ಣಗಳನ್ನು ಅಳೆದು ಗಡಸುತನ ಹೇಳುವುದೇ ವಿಕರ್ಸ್ ವಿಧಾನ. ಭಾರದ ವ್ಯಾಪ್ತಿ, ಲೆನ್ಸುಗಳ ಸಂಖ್ಯೆ ಮುಂತಾದವು ಮಾಹಿತಿಪತ್ರದಲ್ಲೇ ಇರುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಬೆಳಿಗ್ಗೆಯ ಮೊದಲ ಹತ್ತು ನಿಮಿಷ ನನಗೆ ಬಹಳ ಪ್ರಿಯವಾದವು. ವಜ್ರದ ಮೊನೆಯನ್ನು ಆಲ್ಕೋಹಾಲಿನಲ್ಲಿ ನೆನೆಸಿದ ಹತ್ತಿಯಿಂದ ಮೃದುವಾಗಿ ಒರೆಸಿ, ಪ್ರಮಾಣಿತ ಉಕ್ಕಿನ ತುಂಡನ್ನು ಇಟ್ಟು, ಒಂದೆರಡು ಅಚ್ಚು ಒತ್ತಿಸಿ, ಬಂದ ಅಂಕಿಯನ್ನು ತುಂಡಿನ ಮೇಲೆ ಕೆತ್ತಿದ ಅಂಕಿಯೊಂದಿಗೆ ಹೋಲಿಸಿದ ಮೇಲೆಯೇ ಉಳಿದ ಕೆಲಸ. ಅನಂತರ ಕಾರ್ಬುರೈಸ್ ಮಾಡಿದ (ಹೊರಪದರಕ್ಕೆ ಇಂಗಾಲ ಸೇರಿಸಿ ಗಟ್ಟಿಗೊಳಿಸಿದ) ಗೇರಿನ ಹಲ್ಲಿನಿಂದ ಅಡ್ಡ ಕತ್ತರಿಸಿದ ತುಂಡನ್ನು ಕೂರಿಸಿ, ಗಟ್ಟಿಪದರ ಎಷ್ಟು ಆಳವಿದೆಯೆಂದು ತಿಳಿಯಲು ಹೊರಮೈಯಿಂದ ಒಳಕ್ಕೆ ಸಾಲಾಗಿ ಅಚ್ಚು ಒತ್ತಿಸುತ್ತೇನೆ. ಉಕ್ಕಿನಲ್ಲಿ ಎರಡು ಅಚ್ಚುಗಳ ಕೇಂದ್ರಗಳ ನಡುವೆ ಕರ್ಣದ ಮೂರು ಪಟ್ಟಾದರೂ ಅಂತರ ಬೇಕು. ಆ ನಿಯಮ ಮುರಿಯದೆ ಆಳದ ಹೆಜ್ಜೆಗಳನ್ನು ಹತ್ತಿರ ತರಲು ಅಚ್ಚುಗಳನ್ನು ಓರೆಸಾಲಿನಲ್ಲಿ ಹೆಣೆಯಬೇಕಾಗುತ್ತದೆ. ಹಿಂದೆ ಮೈಕ್ರೋಮೀಟರ್ ತಿರುಪು ತಿರುಗಿಸುತ್ತಾ ಅರ್ಧ ದಿನ ಕಳೆಯುತ್ತಿದ್ದ ಈ ಕೆಲಸವನ್ನು ಯಂತ್ರ ಒಂದೇ ಒಂದು ಹೆಜ್ಜೆ ತಪ್ಪದೆ ಮುಗಿಸುತ್ತದೆ.

ಆದರೆ ಅದು ಅಚ್ಚನ್ನು ಒತ್ತಿದಷ್ಟು ಚೆನ್ನಾಗಿ ಓದುವುದಿಲ್ಲ. ಎರಡನೆಯ ವರ್ಷದಲ್ಲಿ ನೈಟಾಲ್‌ನಿಂದ (ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಎಚ್ಚಿಂಗ್ ಮಾಡಿದ, ಅಂದರೆ ಒಳರಚನೆ ಕಾಣುವಂತೆ ಮೇಲ್ಮೈಯನ್ನು ಆಮ್ಲದಿಂದ ತುಸು ಕೊರೆಸಿದ, ಒಂದು ಮಾದರಿಯಲ್ಲಿ, ಅಕ್ಕಪಕ್ಕದ ಬಿಂದುಗಳೆಲ್ಲ 700ರ ಆಸುಪಾಸಿನಲ್ಲಿದ್ದಾಗ, ಒಂದು ಬಿಂದು ಮಾತ್ರ 621 ಎಚ್‌ವಿ (ವಿಕರ್ಸ್ ಗಡಸುತನದ ಅಂಕಿ) ತೋರಿಸಿತು. ಚಿತ್ರ ತೆರೆದು ನೋಡಿದರೆ, ಅಚ್ಚಿನ ಮೂಲೆಯನ್ನು ತಾಗಿಕೊಂಡಿದ್ದ ಮಾರ್ಟೆನ್ಸೈಟಿನ (ಗಟ್ಟಿಗೊಳಿಸಿದ ಉಕ್ಕಿನ ಸೂಜಿಯಂಥ ಒಳರಚನೆ) ಕಪ್ಪು ಸೂಜಿಯನ್ನೇ ಮೂಲೆಯೆಂದು ಎಣಿಸಿ, ತಂತ್ರಾಂಶ ಒಂದು ಕರ್ಣವನ್ನು 2 ಮೈಕ್ರೋಮೀಟರ್ ಉದ್ದವಾಗಿ ಅಳೆದಿತ್ತು. 0.1 ಕಿಲೋಗ್ರಾಂ ಭಾರಕ್ಕೆ ಆ ಗಡಸುತನದಲ್ಲಿ ಕರ್ಣ ಸುಮಾರು 16 ಮೈಕ್ರೋಮೀಟರ್ ಮಾತ್ರ. ಸರಾಸರಿಯಲ್ಲಿ ಒಂದು ಮೈಕ್ರೋಮೀಟರ್ ತಪ್ಪಿದರೂ ಭಾರವನ್ನು ಆ ಸರಾಸರಿ ಕರ್ಣದ ವರ್ಗದಿಂದ ಭಾಗಿಸುವಾಗ ಅಷ್ಟು ಅಂಕಗಳು ಕರಗಿಹೋಗುತ್ತವೆ. ಇದೇ ತಪ್ಪು ಗಟ್ಟಿಪದರದ ಕೊನೆಯೆಂದು ಎಣಿಸುವ 550 ಎಚ್‌ವಿ ಗಡಿಯ ಬಳಿ ಆಗಿದ್ದರೆ ಗಟ್ಟಿಪದರದ ಆಳವನ್ನೇ ಕಡಿಮೆ ಬರೆದು, ಸರಿಯಾದ ಗೇರನ್ನು ತಿರಸ್ಕರಿಸುತ್ತಿದ್ದೆವು.

ನನಗೆ ನಿಜವಾಗಿಯೂ ಬೇಸರ ತಂದದ್ದು ಆ ತಪ್ಪಿಗಿಂತ ಯಂತ್ರದ ಮೌನ. ಎರಡು ಕರ್ಣಗಳ ವ್ಯತ್ಯಾಸ ಶೇ. 5 ಮೀರಿದರೆ ವರದಿಯಲ್ಲಿ ತಿಳಿಸಬೇಕೆಂದು ವಿಕರ್ಸ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6507 ಹೇಳುತ್ತದೆ. ಅದನ್ನು ಗುರುತಿಸುವ ಆಯ್ಕೆ ತಂತ್ರಾಂಶದಲ್ಲಿ ಇದ್ದರೂ ಅದು ಸೆಟ್ಟಿಂಗ್‌ಗಳ ಮೂರನೆಯ ಪುಟದಲ್ಲಿ ನಿಷ್ಕ್ರಿಯವಾಗಿ ಕುಳಿತಿತ್ತು. ತರಬೇತಿಗೆ ಬಂದವರೂ ಅದರ ಬಗ್ಗೆ ಒಂದು ಮಾತು ಹೇಳಿರಲಿಲ್ಲ. ಇಂಥ ಎಚ್ಚರಿಕೆ ಮೊದಲ ದಿನದಿಂದಲೇ ಚಾಲೂ ಇರಬೇಕಿತ್ತು.

ಅಂದಿನಿಂದ ನನ್ನ ಕ್ರಮ ಬದಲಾಗಿದೆ. ಎಚ್ಚಿಂಗ್ ಮಾಡುವ ಮೊದಲೇ, ಬರೀ ಹೊಳಪು ಕೊಟ್ಟ ಮೇಲ್ಮೈಯಲ್ಲಿ ಗಡಸುತನ ಅಳೆಯುತ್ತೇನೆ. ಶಾಖಪೀಡಿತ ವಲಯ (ವೆಲ್ಡಿಂಗ್ ಶಾಖದಿಂದ ಒಳರಚನೆ ಬದಲಾದ ಭಾಗ) ಕಾಣಲೇಬೇಕಾದ ವೆಲ್ಡ್ ಮಾದರಿಗಳಲ್ಲಿ ಮಾತ್ರ ಹಗುರವಾಗಿ ಎಚ್ಚಿಂಗ್ ಮಾಡಿ, ಪ್ರತಿ ಅಚ್ಚಿನ ಚಿತ್ರವನ್ನೂ ಕಣ್ಣಾರೆ ನೋಡುತ್ತೇನೆ. ಯಂತ್ರ ಎಲ್ಲ ಚಿತ್ರಗಳನ್ನೂ ಉಳಿಸಿಡುವುದರಿಂದ ಮತ್ತೆ ಒತ್ತುವ ಅಗತ್ಯವಿಲ್ಲದೆ ಚಿತ್ರದ ಮೇಲಿನ ಅಳತೆಗೆರೆಯನ್ನು ಸರಿಸಿದರೆ ಸಾಕು. ಈ ಒಂದು ಅನುಕೂಲಕ್ಕಾಗಿ ನನ್ನ ಸಿಟ್ಟು ಬಹುಮಟ್ಟಿಗೆ ಇಳಿದಿದೆ.

ದಿನಕ್ಕೆ ಹತ್ತು ಅಚ್ಚು ಒತ್ತುವ ಪ್ರಯೋಗಾಲಯಕ್ಕೆ ಇಷ್ಟು ಹಣ ಹೂಡಲು ನಾನು ಹೇಳಲಾರೆ, ಕೈಯಂತ್ರವೇ ಸಾಕು. ನೂರಾರು ಬಿಂದುಗಳ ನಕ್ಷೆ ಬೇಕಾದವರು ಕೊಳ್ಳಲಿ. ಆದರೆ ಕೊಳ್ಳುವ ಮುನ್ನ ತಮ್ಮದೇ ಎಚ್ಚಿಂಗ್ ಮಾಡಿದ ಮಾದರಿಯೊಂದನ್ನು ಒಯ್ದು, ತಮ್ಮ ಕಣ್ಣೆದುರೇ ಓದಿಸಿ ನೋಡಲಿ.